ತಿಪ್ಪೇಶಿಯ ಚಟುವಟಿಕೆ ಅಂಕಗಳು

ಒಂದು ಊರು ಅಂದುಕೊಳ್ಳಿ. ಆ ಊರಿಗೊಂದು ಹೈಸ್ಕೂಲು ಅಂದುಕೊಳ್ಳಿ. ಹೂಂಗುಟ್ಟುವವರು ಹೂಂಗುಟ್ಟುತ್ತಿರಬೇಕು, ನೀವು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ.

ಆ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು ಪಾಲಮ್ಮ. ಪಾಲಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಒಂದು ವರ್ಷ ಒಂಬತ್ತನೇ ಕ್ಲಾಸು, ಎರಡನೇ ವರ್ಷ ಒಂಬತ್ತನೇ ಕ್ಲಾಸು, ಮೂರನೇ ವರ್ಷವೂ ಒಂಬತ್ತನೇ ಕ್ಲಾಸು. ಮೀಸೆ ಚಿಗುರಿತ್ತು, ಕ್ಲಾಸು ಬದಲಾಗಿರಲಿಲ್ಲ.

ತಿಪ್ಪೇಶಿ ಕೆಟ್ಟವನಲ್ಲ. ಕದಿಯುವವನಲ್ಲ, ಸುಳ್ಳು ಹೇಳುವವನಲ್ಲ, ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಆದರೆ ಹೇಳಿದ ಕೆಲಸಕ್ಕೆ ಮಾಡುತ್ತಿರಲಿಲ್ಲ, ಅದರ ಮುಂದಿನ ಕೆಲಸಕ್ಕೆ ಮಾಡುತ್ತಿದ್ದ.

ಸಂಕ್ರಾಂತಿ ಕಳೆದ ಮೂರನೆಯ ದಿನ ಹೆಡ್ಮಾಸ್ಟರು ಪಾಲಮ್ಮನನ್ನು ಆಫೀಸಿಗೆ ಕರೆಸಿದರು.

"ಪಾಲಮ್ಮ, ದಿನಾ ನಿನ್ನ ಕೈ ಸಾರು ಉಣ್ಣೋನು ನಾನು. ಸುಳ್ಳು ಹೇಳೋಕಾಗಲ್ಲ. ಈ ಸಲವೂ ನಿನ್ನ ಮಗ ಮುಂದಕ್ಕೆ ಹೋಗೋ ಹಾಗೆ ಕಾಣಲ್ಲ."

"ಅಯ್ಯೋ ಸಾರ್! ಮೂರು ವರ್ಷದಿಂದ ಅದೇ ಬೆಂಚು ಸವೆಸ್ತಾವ್ನೆ. ಅವನಿಗೆ ಬೇಜಾರಾಗದಿದ್ರೆ ಬೇಡ, ಆ ಬೆಂಚಿಗಾದ್ರೂ ಬೇಜಾರಾಗಬಾರ್ದಾ?"

"ಒಂದು ದಾರಿ ಇದೆ. ಸಮಾಜ ವಿಜ್ಞಾನಕ್ಕೂ ಕೈಕೆಲಸಕ್ಕೂ ಚಟುವಟಿಕೆ ಅಂಕ ಅಂತ ಇವೆ. ಬರೆಯೋ ಹಾಗಿಲ್ಲ, ಮಾಡಿ ತೋರಿಸಿದರೆ ಸಾಕು. ಅದರಲ್ಲಿ ಮೂವತ್ತೈದು ತಗೊಂಡರೆ ಹತ್ತನೇ ಕ್ಲಾಸಿಗೆ ಹಾಕ್ತೀನಿ. ಇಲ್ಲದಿದ್ರೆ ಟಿ.ಸಿ. ಕೊಟ್ಟು ಕಳಿಸಬೇಕಾಗುತ್ತೆ."

ಟಿ.ಸಿ. ಕೊಟ್ಟರೆ ಮುಂದೇನು ಎನ್ನುವುದು ಪಾಲಮ್ಮನಿಗೆ ಗೊತ್ತಿತ್ತು. ಅವಳ ಅಣ್ಣನ ಇಟ್ಟಿಗೆ ಗೂಡು. ಮಗ ಅಲ್ಲಿ ಮಣ್ಣು ತುಳಿಯುವುದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ. ಹತ್ತನೇ ಕ್ಲಾಸಿನ ಬೆಂಚಿನ ಮೇಲೆ ಕೂರುವುದನ್ನು ನೋಡಬೇಕಿತ್ತು. ಅಡುಗೆ ಕೋಣೆಯ ಕಿಟಕಿಗೆ ನೇರವಾಗಿ ಹತ್ತನೇ ಕ್ಲಾಸು. ಸಾರಿಗೆ ಒಗ್ಗರಣೆ ಹಾಕುತ್ತಲೇ ನೋಡಬಹುದಿತ್ತು.

ಮನೆಗೆ ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ತಿಪ್ಪೇಶಿ, ಮೇಷ್ಟ್ರು ಹೇಳಿದ ಹಂಗೆ ಕೇಳ್ತೀಯೇನ್ಲಾ?"

"ಕೇಳ್ತೀನಿ ಕಣವ್ವ."

"ಹೇಳಿದ್ದನ್ನ ಮರೀತೀಯಾ?"

"ಮರೆಯಲ್ಲ ಕಣವ್ವ."

ಮರೆಯಲೂ ಇಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಜನವರಿ ಇಪ್ಪತ್ತೆರಡು. ಸಮಾಜದ ಮೇಷ್ಟ್ರು ಬೋರಯ್ಯನವರ ಕ್ಲಾಸು. "ತಿಪ್ಪೇಶಿ, ಆಫೀಸಿಂದ ಭಾರತದ ನಕಾಶೆ ತಗೊಂಡು ಬಾ" ಎಂದರು. ನಕಾಶೆ ಎಂದರೆ ಗೋಡೆಗೆ ತೂಗುಹಾಕುವ ದೊಡ್ಡ ನಕಾಶೆ, ಆಳೆತ್ತರದ್ದು. ತಿಪ್ಪೇಶಿ ಅದನ್ನು ನೋಡಿದ. ಅವ್ವ ಕಂಬಳಿ ಮಡಚುವುದನ್ನು ನೋಡಿದ್ದ. ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ, ಮೇಲೆ ಕೂತು ಒತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಂದ. ಬಿಚ್ಚಿ ನೋಡಿದರೆ ಹಿಮಾಲಯ ಸೀಳಿ ಎರಡಾಗಿತ್ತು. ಕಾವೇರಿ ನಡುವಿನಲ್ಲೇ ನಿಂತುಹೋಗಿತ್ತು.

"ಥೂ ಪೆದ್ದೇಶಿ!" ಎಂದರು ಬೋರಯ್ಯ ಮೇಷ್ಟ್ರು. "ಇಂಥದ್ದನ್ನ ಮಡಚ್ತಾರೇನೋ? ಒಂದು ತುದಿಯಿಂದ ಬಿಗಿಯಾಗಿ ಸುತ್ತಬೇಕು. ದಾರ ಕಟ್ಟಬೇಕು. ಹೆಗಲ ಮೇಲೆ ಇಟ್ಕೊಂಡು ತರಬೇಕು. ತಿಳೀತೇನೋ?"

"ತಿಳೀತು ಸಾರ್. ಸುತ್ತಬೇಕು, ದಾರ ಕಟ್ಟಬೇಕು, ಹೆಗಲ ಮೇಲೆ ಇಟ್ಕೊಂಡು ತರಬೇಕು."

ಅಂಕ ಸೊನ್ನೆ. ಪಾಠ ಮಾತ್ರ ಕಲಿತುಕೊಂಡ.

ಫೆಬ್ರವರಿ ನಾಲ್ಕು. ಕೈಕೆಲಸದ ಟೀಚರ್ ಅನಸೂಯಮ್ಮನವರು ಮಕ್ಕಳ ಕೈಯಲ್ಲಿ ಅಕ್ಕಿ ಸಂಡಿಗೆ ಇಡಿಸಿದರು. ತಾರಸಿಯ ಮೇಲೆ ಹಳೇ ಪಂಚೆ ಹಾಸಿ, ಸಾಲಾಗಿ ಇನ್ನೂರ ಹನ್ನೆರಡು ಸಂಡಿಗೆ. ಎಣಿಸಿಯೇ ಹೇಳುತ್ತಿದ್ದೇನೆ. ಒಂದು ಗಂಟೆಯೂ ಒಣಗಿರಲಿಲ್ಲ, ಮೋಡ ಕವಿಯಿತು.

"ತಿಪ್ಪೇಶಿ, ಓಡೋ! ಸಂಡಿಗೆ ಒಳಗೆ ತಗೊಂಡು ಬಾ!"

ತಿಪ್ಪೇಶಿ ಓಡಿದ. ಒಂದು ತುದಿಯಿಂದ ಪಂಚೆಯನ್ನು ಬಿಗಿಯಾಗಿ ಸುತ್ತಿದ. ಸಂಡಿಗೆ ಸಮೇತ ಸುತ್ತಿದ. ಸಡಿಲವಾದಲ್ಲಿ ಮೊಣಕಾಲು ಕೊಟ್ಟು ಸುತ್ತಿದ. ದಾರ ಕಟ್ಟಿದ. ಹೆಗಲ ಮೇಲೆ ಇಟ್ಟುಕೊಂಡು ಇಳಿದು ಬಂದ. ಬೆನ್ನ ಮೇಲೆಲ್ಲ ಹಿಟ್ಟು ಸುರಿಯುತ್ತಿತ್ತು.

"ತಂದೆ ಟೀಚರ್."

"ಏನೋ ಇದು?"

"ಸಂಡಿಗೆ ಟೀಚರ್."

"ಎಷ್ಟೋ?"

"ಈಗ ಒಂದೇ ಟೀಚರ್."

ಅನಸೂಯಮ್ಮನವರು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಹಸಿ ಇರೋದನ್ನ ಮುಟ್ಟಬಾರದು ಕಣೋ! ಹಸಿ ಇದ್ದರೆ ಅಲ್ಲೇ ಪಕ್ಕದಲ್ಲಿ ಕೋಲು ಹಿಡ್ಕೊಂಡು ಕೂತ್ಕೋಬೇಕು. ಒಣಗೋವರೆಗೂ ಕಾಯಬೇಕು. ಕಾಗೆ ಬರಲಿ, ಕೋತಿ ಬರಲಿ, ಯಾರೇ ಬರಲಿ, ಹತ್ತಿರ ಬಿಡಬಾರದು. ಹುಶ್ ಹುಶ್ ಅಂತ ಓಡಿಸಬೇಕು. ಬುದ್ಧಿ ಬಂತೇನೋ?"

"ಬಂತು ಟೀಚರ್. ಕೋಲು ಹಿಡ್ಕೊಂಡು ಕೂರಬೇಕು. ಯಾರೇ ಬಂದರೂ ಓಡಿಸಬೇಕು."

ಅಂಕ ಸೊನ್ನೆ. ಮನೆಯಲ್ಲಿ ಪಾಲಮ್ಮ ಅವನ ಅಂಗಿ ಒಗೆದಳು. ಒಗೆದ ನೀರು ಗಂಜಿಯ ಹಾಗಿತ್ತು.

ಫೆಬ್ರವರಿ ಹದಿನೆಂಟು. ಬೋರಯ್ಯ ಮೇಷ್ಟ್ರು ಚುನಾವಣೆಯ ಪಾಠಕ್ಕೆ ಬಂದರು. ಬರೀ ಓದಿದರೆ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ಕ್ಲಾಸಿನಲ್ಲೇ ಒಂದು ಚುನಾವಣೆ ಇಟ್ಟರು. ಇಬ್ಬರು ಅಭ್ಯರ್ಥಿಗಳು, ನಲವತ್ತಾರು ಮತದಾರರು. ಬಿಸ್ಕತ್ತಿನ ಡಬ್ಬಕ್ಕೆ ಬಿಳೀ ಕಾಗದ ಅಂಟಿಸಿ ಮತಪೆಟ್ಟಿಗೆ ಮಾಡಿದರು. ಮೊಹರಿಗೆ ಬಳಸುವ ನೇರಳೆ ಮಸಿಯ ಶೀಷೆಯನ್ನು ಪಕ್ಕದಲ್ಲಿಟ್ಟರು.

"ತಿಪ್ಪೇಶಿ, ನೀನು ಮತಗಟ್ಟೆ ಅಧಿಕಾರಿ. ಡಬ್ಬದ ಹತ್ತಿರ ಇರು. ಅಂಟು ಇನ್ನೂ ಹಸಿ ಇದೆ, ನೋಡ್ಕೋ" ಎಂದು ಹೇಳಿ ಆಫೀಸಿಗೆ ಹೋದರು.

ಹಸಿ ಇದೆ! ತಿಪ್ಪೇಶಿ ಕೋಲು ತಂದ. ಡಬ್ಬದ ಪಕ್ಕ ಕೂತ. ಮೊದಲನೆಯ ಮತದಾರ ಬಂದ.

"ಹುಶ್!"

"ಲೋ, ಓಟು ಹಾಕ್ಬೇಕು ಕಣ್ಲಾ!"

"ಹುಶ್! ಹುಶ್!"

ಎರಡನೆಯವನು ಬಂದ. ಹುಶ್! ಹುಡುಗಿಯರು ಗುಂಪಾಗಿ ಬಂದರು. ಹುಶ್ ಹುಶ್ ಹುಶ್! ಅಭ್ಯರ್ಥಿಗಳಿಬ್ಬರೂ ಬಂದು ಕೈ ಮುಗಿದರು. ಅವರಿಗೆ ಕೋಲು ಎತ್ತಿದ. ಮೇಷ್ಟ್ರು ಬಂದು ಡಬ್ಬ ತೆರೆದರೆ ಒಳಗೆ ಒಂದು ಚೀಟಿಯೂ ಇಲ್ಲ. ಇಬ್ಬರಿಗೂ ಸೊನ್ನೆ. ಸಮಬಲ.

"ಒಣಗಿದೆ ಸಾರ್" ಎಂದ ತಿಪ್ಪೇಶಿ. "ಒಂದು ಕಾಗೇನೂ ಮುಟ್ಟಿಲ್ಲ."

ಬೋರಯ್ಯ ಮೇಷ್ಟ್ರು ಖಾಲಿ ಡಬ್ಬ ಮುಚ್ಚಿ ಕುರ್ಚಿಯಲ್ಲಿ ಕೂತರು.

"ತಿಪ್ಪೇಶಿ, ಜನ ಬಂದರೆ ಓಡಿಸಬಾರದಪ್ಪ. ಬಂದವರನ್ನ ಸಾಲಾಗಿ ನಿಲ್ಲಿಸಬೇಕು. ಹೆಸರು ಕೇಳಬೇಕು. ಪಟ್ಟಿಯಲ್ಲಿದೆಯಾ ನೋಡಬೇಕು. ಎಡಗೈ ಬೆರಳಿಗೆ ಮಸಿ ಹಚ್ಚಬೇಕು. ಒಬ್ಬರಿಗೆ ಒಂದೇ ಸಲ. ಇನ್ನೊಂದು ಸಲ ಬಂದರೆ, ಎಷ್ಟೇ ದೊಡ್ಡವರಾಗಿರಲಿ, ವಾಪಸ್ ಕಳಿಸಬೇಕು. ಅದೇ ಪ್ರಜಾಪ್ರಭುತ್ವ."

"ಸಾಲು, ಹೆಸರು, ಪಟ್ಟಿ, ಮಸಿ. ಒಬ್ಬರಿಗೆ ಒಂದೇ ಸಲ. ಆಗಲಿ ಸಾರ್."

ಮಸಿಯ ಶೀಷೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಯಾರೂ ಗಮನಿಸಲಿಲ್ಲ.

ಮಾರ್ಚ್ ಐದು. ಪಾಲಮ್ಮನ ಜೊತೆ ಬಡಿಸುವವಳು ಬಂದಿರಲಿಲ್ಲ. ಅನಸೂಯಮ್ಮನವರು ಹೇಳಿದರು, "ಬಡಿಸೋದೂ ಒಂದು ಕೈಕೆಲಸವೇ. ತಿಪ್ಪೇಶಿ ಬಡಿಸಲಿ. ಅನ್ನ ಸಾರು ಬಡಿಸೋದರಲ್ಲಿ ಏನು ತಪ್ಪು ಮಾಡ್ತಾನೆ?"

ಏನು ತಪ್ಪು ಮಾಡ್ತಾನೆ! ಈ ಮಾತನ್ನು ಯಾರೂ ಯಾವ ಕೆಲಸದ ಮುಂದೆಯೂ ಆಡಬಾರದು.

ತಿಪ್ಪೇಶಿ ಬಾಗಿಲಲ್ಲಿ ಮೇಜು ಹಾಕಿದ. ಹಾಜರಿ ಪುಸ್ತಕ ತಂದ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ಹೆಸರು ಕೇಳಿದ, ಗುರುತು ಹಾಕಿದ, ಬೆರಳಿಗೆ ನೇರಳೆ ಮಸಿ ಹಚ್ಚಿದ, ಒಂದು ಸೌಟು ಅನ್ನ, ಒಂದು ಸೌಟು ಸಾರು. ಮತ್ತೆ ಬಂದವರನ್ನು ಬೆರಳು ನೋಡಿ ವಾಪಸ್ ಕಳಿಸಿದ. ಅಳುವವರು ಅತ್ತರು. ಹಂಡೆಯ ತುಂಬ ಸಾರು ಹಾಗೇ ಇತ್ತು.

ಅವತ್ತೇ ಶಿಕ್ಷಣಾಧಿಕಾರಿ ಜಯದೇವಪ್ಪನವರು ಶಾಲೆ ನೋಡಲು ಬಂದಿದ್ದರು. ಊಟದ ರುಚಿ ನೋಡೋಣ ಎಂದು ತಟ್ಟೆ ಹಿಡಿದು ಸಾಲಿನಲ್ಲೇ ನಿಂತರು. ಒಳ್ಳೆಯ ಮನುಷ್ಯ.

"ಹೆಸರು?"

"ನಾನು ಶಿಕ್ಷಣಾಧಿಕಾರಿ ಕಣಪ್ಪ."

"ಹೆಸರು ಸಾರ್?"

"ಜಯದೇವಪ್ಪ."

ತಿಪ್ಪೇಶಿ ಪುಟ ತಿರುವಿದ. "ಪಟ್ಟಿಯಲ್ಲಿಲ್ಲ ಸಾರ್."

ಹೆಡ್ಮಾಸ್ಟರು ಓಡಿ ಬಂದು, "ಸೇರಿಸ್ಕೊಳ್ಳೋ, ಸೇರಿಸ್ಕೊಳ್ಳೋ!" ಎಂದರು. ಒಂಬತ್ತನೇ ಕ್ಲಾಸು, ಕ್ರಮ ಸಂಖ್ಯೆ ನಲವತ್ತೇಳು, ಜಯದೇವಪ್ಪ ಎಂದು ಬರೆದುಕೊಂಡ. ಬೆರಳಿಗೆ ಮಸಿ ಹಚ್ಚಿದ. ಬಡಿಸಿದ. ಸಾಹೇಬರು ಉಂಡರು. ಪಾಲಮ್ಮನ ಸಾರು ಅಂದರೆ ಸಾರೇ. ಇನ್ನಷ್ಟು ಬೇಕೆನಿಸಿತು, ತಟ್ಟೆ ಹಿಡಿದು ಮತ್ತೆ ಬಂದರು.

"ಬೆರಳು ತೋರಿಸಿ ಸಾರ್."

ತೋರಿಸಿದರು.

"ಮಸಿ ಐತೆ ಸಾರ್. ಒಬ್ಬರಿಗೆ ಒಂದೇ ಸಲ. ಹೋಗಿ ಸಾರ್, ಹಿಂದೆ ಜನ ನಿಂತವ್ರೆ."

ಹೆಡ್ಮಾಸ್ಟರು ಪಾಲಮ್ಮನನ್ನು ಕರೆದು ಬೈದರು. ಪಾಲಮ್ಮ ಬೈಸಿಕೊಂಡು ಮನೆಗೆ ಬಂದು ಮಗನಿಗೆ ಬೈದಳು.

"ಲೋ ನನ್ನ ಹೊಟ್ಟೇಲಿ ಹುಟ್ಟಿದವನೇ! ಉಣ್ಣೋಕೆ ಬಂದೋರಿಗೆ ಒಂದೇ ಸಲ ಅಂತಾರೇನ್ಲಾ? ನಮ್ಮ ಮನೆತನದಲ್ಲಿ ಯಾರಾದ್ರೂ ಹಂಗೆ ಮಾಡಿದ್ದುಂಟಾ? ಕೊಡೋರು ಕೊಡ್ತಾನೇ ಇರಬೇಕು. ಸಾಕು ಅಂದ್ರೂ ಬಿಡಬಾರದು, ಇನ್ನೊಂದೇ ಒಂದು ಅನ್ನಬೇಕು."

"ತಗೊಳ್ಳೋರು ಏನು ಮಾಡಬೇಕವ್ವ?"

"ತಗೊಳ್ಳೋರು ಬೇಡ ಅನ್ನಬೇಕು. ದೊಡ್ಡೋರು ಕೊಟ್ಟ ತಕ್ಷಣ ಬಾಯಿ ಬಿಟ್ಟರೆ ಹೊಟ್ಟೆಬಾಕ ಅಂತಾರೆ. ಮೂರು ಸಲ ಬೇಡ ಅನ್ನಬೇಕು. ಎಲೆ ಮೇಲೆ ಕೈ ಅಡ್ಡ ಇಡಬೇಕು. ಕೊಡೋ ಮನಸ್ಸಿದ್ದೋರು ಕೊಟ್ಟೇ ಕೊಡ್ತಾರೆ. ಮಾನವಂತರ ಮಕ್ಕಳು ಹಂಗಿರ್ತಾರೆ. ತಿಳೀತಾ?"

"ತಿಳೀತು ಕಣವ್ವ. ಕೊಡೋರು ಬಿಡಬಾರದು. ತಗೊಳ್ಳೋರು ಮೂರು ಸಲ ಬೇಡ ಅನ್ನಬೇಕು. ಕೈ ಅಡ್ಡ ಇಡಬೇಕು."

ಒಂದು ಬುದ್ಧಿಮಾತಿನಿಂದ ಒಂದು ಅನಾಹುತ ಆಗುತ್ತಿತ್ತು. ಪಾಲಮ್ಮ ತಾಯಿಯಲ್ಲವೇ, ಒಂದೇ ಸಲಕ್ಕೆ ಎರಡು ಹೇಳಿಬಿಟ್ಟಿದ್ದಳು.

ಮೊದಲನೆಯದು ಮಾರ್ಚ್ ಹದಿನೇಳರಂದು, ಹೊಲಿಗೆಯ ಕ್ಲಾಸಿನಲ್ಲಿ. ಬೋರಯ್ಯ ಮೇಷ್ಟ್ರ ಅಂಗಿಯ ಒಂದು ಗುಂಡಿ ಉದುರಿತ್ತು. "ಹೇಗೂ ಗುಂಡಿ ಹಾಕೋದು ಕಲಿಸ್ತಿದ್ದೀರಲ್ಲ" ಎಂದು ಅನಸೂಯಮ್ಮನವರಿಗೆ ಕೊಟ್ಟಿದ್ದರು. ಅನಸೂಯಮ್ಮನವರು ಅಂಗಿಯನ್ನೂ ಗುಂಡಿಯ ಡಬ್ಬವನ್ನೂ ತಿಪ್ಪೇಶಿಗೆ ಕೊಟ್ಟರು. ಮೊದಲನೆಯ ಗುಂಡಿಯನ್ನು ಎಷ್ಟು ಚೆನ್ನಾಗಿ ಹಾಕಿದನೆಂದರೆ ಟೀಚರ್ ಪೆನ್ನು ತೆಗೆದು ಅಂಕ ಬರೆಯಲು ಹೊರಟರು.

"ಸಾಕು ಕೊಡೋ, ಚೆನ್ನಾಗಿದೆ."

"ಸಾಕು ಅಂದ್ರೆ ಹೆಂಗೆ ಟೀಚರ್? ಇನ್ನೊಂದೇ ಒಂದು."

"ಬೇಡ ಕಣೋ!"

"ಹಂಗನ್ನಬಾರದು ಟೀಚರ್. ಇನ್ನೊಂದೇ ಒಂದು."

ಡಬ್ಬ ಖಾಲಿಯಾಗುವವರೆಗೂ ಹಾಕಿದ. ಎದೆಗೆ ಹಾಕಿದ, ಬೆನ್ನಿಗೆ ಹಾಕಿದ, ಕಾಲರಿಗೆ ಹಾಕಿದ, ತೋಳಿನ ಎರಡೂ ಬದಿ ಸೇರಿಸಿ ಹಾಕಿದ. ಒಟ್ಟು ಅರವತ್ತಮೂರು. ಬೋರಯ್ಯ ಮೇಷ್ಟ್ರು ಅಂಗಿ ತೊಡಲು ಹೋದರೆ ಕೈ ತೂರಲಿಲ್ಲ. ಈ ಸಲ ಯಾರೂ ಬೈಯಲಿಲ್ಲ. ಬೈದರೆ ಬುದ್ಧಿ ಹೇಳಬೇಕಾಗುತ್ತದೆ, ಬುದ್ಧಿ ಹೇಳಿದರೆ ಅವನು ಕೇಳುತ್ತಾನೆ ಎಂದು ಇಬ್ಬರಿಗೂ ಹೆದರಿಕೆ ಹುಟ್ಟಿತ್ತು. ಸುಮ್ಮನೆ ಸೊನ್ನೆ ಬರೆದರು.

ಹೀಗೆ ಏಪ್ರಿಲ್ ಹತ್ತು ಬಂತು. ವರ್ಷದ ಕೊನೆಯ ದಿನ. ಮಾರನೆಯ ದಿನದಿಂದ ಬೇಸಿಗೆ ರಜ. ಅಂಕಪಟ್ಟಿ ನೋಡಿ ಸಹಿ ಹಾಕಲು ಜಯದೇವಪ್ಪ ಸಾಹೇಬರೇ ಬಂದರು. ತಿಪ್ಪೇಶಿಯ ಹೆಸರಿನ ಮುಂದೆ ಸಾಲಾಗಿ ಐದು ಸೊನ್ನೆ.

"ಯಾರ್ರೀ ಇವನು, ಐದಕ್ಕೆ ಐದೂ ಸೊನ್ನೆ? ಕರೀರಿ, ನಾನೇ ಎರಡು ಪ್ರಶ್ನೆ ಕೇಳ್ತೀನಿ."

ತಿಪ್ಪೇಶಿ ಬಂದು ನಿಂತ. ಪಾಲಮ್ಮ ಒಲೆಯ ಮೇಲಿನ ಸಾರು ಬಿಟ್ಟು ಆಫೀಸಿನ ಕಿಟಕಿಗೆ ಬಂದು ಸರಳು ಹಿಡಿದುಕೊಂಡಳು. ಇದು ತಪ್ಪಿದರೆ ಇಟ್ಟಿಗೆ ಗೂಡು.

ಸಾಹೇಬರು ಅವನ ಮುಖ ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು.

"ಓಹೋ, ನೀನೋ! ಹೇಳು ನೋಡೋಣ. ಓಟು ಹಾಕೋರ ಬೆರಳಿಗೆ ಮಸಿ ಯಾಕೆ ಹಚ್ತಾರೆ?"

"ಒಬ್ಬರಿಗೆ ಒಂದೇ ಸಲ ಸಾರ್. ಅದಕ್ಕೆ."

"ಯಾರಾದ್ರೂ ದೊಡ್ಡವರು ಬಂದು ಇನ್ನೊಂದು ಸಲ ಕೇಳಿದರೆ?"

"ಕೊಡಬಾರದು ಸಾರ್."

"ಮಂತ್ರಿ ಬಂದರೆ?"

"ಕೊಡಬಾರದು ಸಾರ್."

"ನಾನು ಬಂದರೆ?"

"ನಿಮಗೆ ಕೊಡಲೇ ಇಲ್ವಲ್ಲ ಸಾರ್."

ಸಾಹೇಬರು ಹೆಡ್ಮಾಸ್ಟರ ಕಡೆ ತಿರುಗಿದರು. "ಪುಸ್ತಕದಲ್ಲಿ ಓದಿ ಹೇಳೋ ಮಕ್ಕಳು ಬೇಕಾದಷ್ಟಿದ್ದಾರೆ ಕಣ್ರೀ. ಮಾಡಿ ತೋರಿಸಿದವನು ತಾಲ್ಲೂಕಿಗೆ ಇವನೊಬ್ಬನೇ. ತಗೋಳಯ್ಯ, ಮೂವತ್ತೈದು ಕೊಟ್ಟಿದ್ದೀನಿ. ಹತ್ತನೇ ಕ್ಲಾಸಿಗೆ ಹೋಗು."

ಕಿಟಕಿಯಲ್ಲಿ ಪಾಲಮ್ಮ ಕೈ ಮುಗಿದಳು.

"ಬೇಡ ಸಾರ್" ಎಂದ ತಿಪ್ಪೇಶಿ.

"ಏನಂದೆ?"

"ಬೇಡ ಸಾರ್."

"ಕಡಿಮೆ ಆಯ್ತೇನೋ? ಸರಿ, ನಲವತ್ತು."

"ಅಯ್ಯೋ ಬೇಡ ಸಾರ್. ಸಾಕು."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಮೂವತ್ತು ವರ್ಷ ಆಯ್ತು ನಾನು ಈ ಇಲಾಖೆಗೆ ಬಂದು. ಅಂಕ ಬೇಡ ಅನ್ನೋ ಹುಡುಗನನ್ನ ನೋಡಿರಲಿಲ್ಲ. ಬೇಡ ಅಂದಮೇಲೆ ಬಲವಂತ ಯಾಕೆ? ಬಿಡಿ."

"ಸಾರ್! ಸಾರ್!" ಕಿಟಕಿಯಿಂದ ಪಾಲಮ್ಮ ಕೂಗಿದಳು. "ಮೂರು ಸಲ ಬೇಡ ಅಂದಾಯ್ತು ಸಾರ್! ಈಗ ಕೊಡಿ, ತಗೋತಾನೆ! ಮಾನವಂತರ ಮನೆ ಹುಡುಗ ಸಾರ್!"

ಸಾಹೇಬರಿಗೆ ಆಗ ತಿಳಿಯಿತು. ಅವರೂ ಎಲೆ ಹಾಕಿ ಉಣ್ಣುವ ಮನೆಯಿಂದಲೇ ಬಂದವರು. ನಗುತ್ತಾ ಮುಚ್ಚಳ ತೆಗೆದರು. "ನಲವತ್ತೇ ಇರಲಿ ಕಣ್ರೀ. ಆ ತಾಯಿ ಸಾರಿನ ಲೆಕ್ಕದಲ್ಲಿ" ಎಂದು ಅಂಕ ಬರೆದು, ಹೆಡ್ಮಾಸ್ಟರ ಕಡೆ ನೋಡಿ ಮಾತಾಡುತ್ತಲೇ ಕೆಳಗೆ ಸಹಿ ಹಾಕಿದರು. ಅಧಿಕಾರಿಗಳು ಸಹಿ ಹಾಕುವಾಗ ಕಾಗದ ನೋಡುವುದಿಲ್ಲ. ಅಷ್ಟರಲ್ಲಿ ತಿಪ್ಪೇಶಿ ರಿಜಿಸ್ಟರಿನ ಮೇಲೆ ಕೈ ಅಡ್ಡ ಇಟ್ಟಿದ್ದ.

ಸಾಹೇಬರು ಜೀಪು ಹತ್ತಿ ಹೋದರು. ಹೆಡ್ಮಾಸ್ಟರು ರಿಜಿಸ್ಟರು ನೋಡಿದರೆ ಅಂಕ ಇದೆ, ಸಹಿ ಇಲ್ಲ. ತಿಪ್ಪೇಶಿಯ ಬಲಗೈ ನೋಡಿದರೆ, ಅದರ ಮೇಲೆ ಉದ್ದಕ್ಕೆ ಜಯದೇವಪ್ಪ, ಕೆಳಗೆ ಎರಡು ಗೀರು, ತಾರೀಖು.

"ಲೋ! ಲೋ! ಲೋ! ಸಾಹೇಬರ ಸಹಿ ಅಂದ್ರೆ ಏನಂದ್ಕೊಂಡಿದ್ದೀಯೋ? ದಾಖಲೆ ಕಣೋ! ಸಹಿ ಬಿದ್ದದ್ದು ಶಾಲೆ ಬಿಟ್ಟು ಆಚೆ ಹೋಗಬಾರದು! ಬೀರುವಿನಲ್ಲಿರಬೇಕು! ಬೀಗ ಹಾಕಿರಬೇಕು!"

ಹಾಗೆಂದು ಬೈದು, ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಜೀಪಿನ ಹಿಂದೆ ಓಡಿದರು. ಪುಣ್ಯಕ್ಕೆ ಸಾಹೇಬರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯಲು ನಿಂತಿದ್ದರು. ಜೀಪಿನ ಮೂತಿಯ ಮೇಲೆ ರಿಜಿಸ್ಟರು ಬಿಚ್ಚಿಟ್ಟು, ಈ ಸಲ ಕಾಗದ ನೋಡಿ ಸಹಿ ಹಾಕಿದರು. ತಿಪ್ಪೇಶಿ ಒಂಬತ್ತನೇ ಕ್ಲಾಸು ಪಾಸು. ಅನುಮಾನವೇ ಬೇಡ, ಆ ಪುಟವನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹೆಡ್ಮಾಸ್ಟರು ಏದುಸಿರು ಬಿಡುತ್ತಾ ವಾಪಸ್ ಬಂದರು. "ಪಾಲಮ್ಮ, ಆಯ್ತು ಕಣಮ್ಮ. ನಿನ್ನ ಮಗ ಹತ್ತನೇ ಕ್ಲಾಸು."

ಪಾಲಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮೂರು ವರ್ಷ! "ತಿಪ್ಪೇಶಿ! ಎಲ್ಲಿದ್ದೀಯ್ಲಾ? ಬಾರೋ, ಮನೆಗೆ ಹೋಗೋಣ!"

"ಇಲ್ಲೇ ಇದ್ದೀನಿ ಕಣವ್ವ."

ದನಿ ಆಫೀಸಿನ ಒಳಗಿನಿಂದ ಬಂತು. ಹೋಗಿ ನೋಡಿದರೆ ತಿಪ್ಪೇಶಿ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ಬಲಗೈಯನ್ನು ಮೊಣಕೈವರೆಗೆ ಬೀರುವಿನ ಒಳಗೆ, ಹಾಜರಿ ಪುಸ್ತಕಗಳ ಮೇಲೆ ಇಟ್ಟಿದ್ದಾನೆ. ಬಾಗಿಲನ್ನು ಎಡಗೈಯಿಂದ ಆದಷ್ಟು ಮುಚ್ಚಿಕೊಂಡಿದ್ದಾನೆ.

"ಎದ್ದೇಳ್ಲಾ! ಪಾಸಾಗಿದ್ದೀಯ!"

"ಗೊತ್ತು ಕಣವ್ವ. ಸಹಿ ನನ್ನ ಹತ್ರಾನೇ ಐತೆ."

"ಮತ್ತೆ ಮನೆಗೆ ಬಾರೋ!"

"ಆಗಲ್ಲ ಕಣವ್ವ. ಶಾಲೆ ಬಿಟ್ಟು ಆಚೆ ಹೋಗಬಾರದು."

ಪಾಲಮ್ಮ ಹೆಡ್ಮಾಸ್ಟರ ಮುಖ ನೋಡಿದಳು. ಹೆಡ್ಮಾಸ್ಟರು ಕೈಯಲ್ಲಿದ್ದ ಬೀಗದ ಕೈ ಗೊಂಚಲು ನೋಡಿದರು.

"ಲೋ ತಿಪ್ಪೇಶಿ," ಎಂದರು ಮೆಲ್ಲಗೆ, "ನಾಳೆಯಿಂದ ರಜ ಕಣೋ. ಮೇ ಕೊನೆಯವರೆಗೂ ಶಾಲೆ ತೆಗೆಯೋದಿಲ್ಲ."

ತಿಪ್ಪೇಶಿ ಯೋಚಿಸಿದ. ಸ್ಟೂಲನ್ನು ಬೀರುವಿಗೆ ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡ.

"ಆಗಲಿ ಸಾರ್. ಬೀಗ ಹಾಕೋದು ಮಾತ್ರ ಮರೀಬೇಡಿ."